ಎಂಜಿನ್ನಿನ ಉಸಿರಾಟ

ಮೋಟಾರು ವಾಹನವು ಸಿರಿವಂತರ ಅಂಗಳಕ್ಕೆ ಮಾತ್ರ ಮೀಸಲಾಗಿದ್ದ ಕಾಲವು ಕಳೆದು ಬಹಳ ದಿನಗಳಾದುವು. ಈಗ ಹಳ್ಳಿಯ ಜಗಲಿಯ ಮುಂದೆಯೂ ಒಂದು ಮೋಟಾರು ಸೈಕಲು ನಿಂತಿರುತ್ತದೆ. ವಿದ್ಯುತ್ತಿನ ತಂತಿ ಮುಟ್ಟದ ಹೊಲದ ಬಾವಿಯಲ್ಲಿ ಆಯಿಲ್ ಎಂಜಿನ್ನು ನೀರೆತ್ತುತ್ತಿರುತ್ತದೆ. ಪೇಟೆಯ ಮಧ್ಯಮ ವರ್ಗದ ಮನೆಗಳಲ್ಲಿಯೂ ಒಂದು ಸಣ್ಣ ಕಾರು ಇರುವುದು ಅಪರೂಪವಲ್ಲ. ಹೀಗಿದ್ದರೂ, ಮನೆಯ ಹಸುವು ಮೇವು ಬಿಟ್ಟರೆ ಅದರ ಕಾರಣವನ್ನು ಸುಮಾರಾಗಿ ಊಹಿಸಬಲ್ಲ ಗೃಹಸ್ಥರು, ಎಂಜಿನ್ನು ಏರಿನಲ್ಲಿ ಏದುಸಿರು ಬಿಟ್ಟರೆ "ಏನೋ ಆಗಿದೆ, ನೋಡಿ" ಎಂದಷ್ಟೇ ನುಡಿದು, ಅದನ್ನು ಮೆಕ್ಯಾನಿಕನ ಕೈಗೆ ಒಪ್ಪಿಸಿ, ಅವನು ಕೇಳಿದಷ್ಟು ಹಣವನ್ನು ತೆತ್ತು ಹಿಂದಿರುಗುವರು. ಮೆಕ್ಯಾನಿಕರಲ್ಲಿ ಬಲ್ಲವರೂ ಪ್ರಾಮಾಣಿಕರೂ ಅನೇಕರಿದ್ದಾರೆ. ಆದರೆ ಬಲ್ಲವನಾರು, ಅರೆಬಲ್ಲವನಾರು ಎಂದು ತಿಳಿಯುವುದಕ್ಕಾದರೂ ನಮಗೆ ಯಂತ್ರದ ವಿಷಯವು ಸ್ವಲ್ಪ ಗೊತ್ತಿರಬೇಕಲ್ಲವೆ? ಆದುದರಿಂದ ಎಂಜಿನ್ನು ಉಸಿರಾಡುವ ಬಾಗಿಲುಗಳನ್ನೂ, ಅವುಗಳನ್ನು ವೇಳೆಯರಿತು ತೆರೆದು ಮುಚ್ಚುವ ಏರ್ಪಾಡನ್ನೂ ಕುರಿತು ಈ ತಿಂಗಳು ವಾಚಕರಿಗೆ ನಾಲ್ಕು ಮಾತು ಹೇಳಲು ಬಯಸುತ್ತೇವೆ.

ಎಂಜಿನ್ನಿನ ಆಹಾರವು ಪೆಟ್ರೋಲು ಎಂದು ಎಲ್ಲರೂ ಭಾವಿಸಿರುತ್ತಾರೆ. ಇದು ಅರ್ಧ ಸತ್ಯ. ತೂಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಹದಿನಾಲ್ಕೂವರೆ ಪಾಲಿಗಿಂತ ತುಸು ಹೆಚ್ಚು ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿಗೆ ಸಮುದ್ರಮಟ್ಟದಲ್ಲಿ ಸುಮಾರು 9,000 ಲೀಟರು ಗಾಳಿ! ಬೆಂಗಳೂರಿನಂತೆ ಸುಮಾರು 900 ಮೀಟರು ಎತ್ತರದಲ್ಲಿರುವ ಊರುಗಳಲ್ಲಿ ಗಾಳಿಯು ತೆಳುವಾದುದರಿಂದ ಇನ್ನೂ ಹೆಚ್ಚು ಬೇಕಾಗುತ್ತದೆ. ಪೆಟ್ರೋಲನ್ನು ಹೆಚ್ಚು ಹೊಯ್ಯುವುದು ಸುಲಭ. ಅದಕ್ಕೆ ತಕ್ಕಷ್ಟು ಗಾಳಿಯನ್ನು ಒಳಕ್ಕೆ ತರುವುದೇ ಕಷ್ಟ. ಎಂಜಿನ್ನಿನ ಬಲವೆಂಬುದು ಬಹುಮಟ್ಟಿಗೆ ಅದು ಒಂದೊಂದು ಉಸಿರಿಗೆ ಎಷ್ಟು ಗಾಳಿಯನ್ನು ತುಂಬಿಕೊಳ್ಳಬಲ್ಲುದೆಂಬುದರ ಮೇಲೆಯೇ ನಿಂತಿದೆ.

ಜರ್ಮನಿಯ ನಿಕೊಲಾಸ್ ಆಟೊ ಎಂಬಾತನು 1876ರಲ್ಲಿ ನಾಲ್ಕು ಹೊಡೆತಗಳ ಎಂಜಿನ್ನನ್ನು ನಡೆಯಿಸಿ ತೋರಿಸಿದನು. ಇಂದು ನಮ್ಮ ರಸ್ತೆಗಳಲ್ಲಿ ಓಡುವ ಪೆಟ್ರೋಲು ವಾಹನಗಳಲ್ಲಿ ಬಹುಪಾಲು ಅದೇ ಕ್ರಮವನ್ನು ಅನುಸರಿಸುತ್ತಿವೆ. ಸಿಲಿಂಡರೆಂಬ ಕೊಳವೆಯೊಳಗೆ ಪಿಸ್ಟನ್ನು ಕೆಳಕ್ಕಿಳಿಯುವಾಗ ಗಾಳಿಯೂ ಪೆಟ್ರೋಲಿನ ಆವಿಯೂ ಒಳಕ್ಕೆ ಬರುತ್ತವೆ. ಮೇಲಕ್ಕೇರುವಾಗ ಅದು ಅವನ್ನು ಒತ್ತಿ ಸಂಕುಚಿತಗೊಳಿಸುತ್ತದೆ. ಆಗ ಕಿಡಿ ಹಾರಿ, ಮಿಶ್ರಣವು ಹೊತ್ತಿ, ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ನಾಲ್ಕನೆಯದಾಗಿ ಪಿಸ್ಟನ್ನು ಮತ್ತೆ ಮೇಲೇರಿ ಉರಿದ ಹೊಗೆಯನ್ನು ಹೊರಕ್ಕೆ ತಳ್ಳುತ್ತದೆ. ಈ ನಾಲ್ಕರಲ್ಲಿ ದುಡಿಮೆ ನಡೆಯುವುದು ಒಂದರಲ್ಲಿ ಮಾತ್ರ. ಉಳಿದ ಮೂರೂ ಅದರ ಸಿದ್ಧತೆ ಮತ್ತು ಶುದ್ಧಿ. ಗಾಳಿ ಬರುವುದಕ್ಕೊಂದು, ಹೊಗೆ ಹೋಗುವುದಕ್ಕೊಂದು, ಹೀಗೆ ಸಿಲಿಂಡರಿನ ತಲೆಯಲ್ಲಿ ಕನಿಷ್ಠ ಎರಡು ಬಾಗಿಲುಗಳು ಬೇಕು. ಶಾಸ್ತ್ರಗ್ರಂಥಗಳಲ್ಲಿ ಇವನ್ನು ಕವಾಟಗಳೆನ್ನುವರು. ಕಾರ್ಖಾನೆಗಳಲ್ಲಿ ಎಲ್ಲರೂ ವಾಲ್ವು ಎಂದೇ ಹೇಳುವುದರಿಂದ ನಾವೂ ಹಾಗೆಯೇ ಕರೆಯುತ್ತೇವೆ. ನಿಂತ ಅಣಬೆಯನ್ನು ತಲೆಕೆಳಗು ಮಾಡಿದರೆ ಹೇಗೋ ಹಾಗೆ, ಉದ್ದನೆಯ ಕಾಂಡದ ತುದಿಯಲ್ಲಿ ಅಗಲವಾದ ತಟ್ಟೆ. ಆ ತಟ್ಟೆಯ ಅಂಚು ತನ್ನ ಪೀಠದ ಮೇಲೆ ಒಂದು ಕೂದಲಿನಷ್ಟೂ ಸಂದಿಲ್ಲದಂತೆ ಕೂತುಕೊಳ್ಳಬೇಕು.

ಮೈಸೂರಿನ ಜಾವಾ ಮೋಟಾರು ಸೈಕಲನ್ನು ಬಲ್ಲ ಹಿರಿಯ ವಾಚಕರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. 1960ರ ದಶಕದಿಂದ 1996ರ ವರೆಗೆ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಆ ಗಾಡಿಗಳಲ್ಲಿ ಇಂತಹ ವಾಲ್ವುಗಳೇ ಇರಲಿಲ್ಲ. ಅವು ಎರಡು ಹೊಡೆತಗಳ ಎಂಜಿನ್ನುಗಳು. ಪಿಸ್ಟನ್ನೇ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಮುಚ್ಚಿ ತೆರೆದು ಬಾಗಿಲಿನ ಕೆಲಸವನ್ನೂ ನಿರ್ವಹಿಸುತ್ತಿತ್ತು. ಏರ್ಪಾಡು ಸರಳ, ಹೊಗೆಯೂ ಎಣ್ಣೆಯ ಖರ್ಚೂ ಹೆಚ್ಚು. ಅವುಗಳ ಮಾತು ಬೇರೆ.

ವಾಲ್ವುಗಳಿಗೆ ಮರಳೋಣ. ಮೊದಮೊದಲ ಮೋಟಾರುಗಳಲ್ಲಿ ಗಾಳಿಯ ವಾಲ್ವನ್ನು ಯಾರೂ ತೆರೆಯುತ್ತಿರಲಿಲ್ಲ. ಅದಕ್ಕೆ ಸಡಿಲವಾದ ಸ್ಪ್ರಿಂಗೊಂದಿದ್ದು, ಪಿಸ್ಟನ್ನು ಕೆಳಗಿಳಿದಾಗ ಉಂಟಾಗುವ ಸೆಳೆತಕ್ಕೆ ತಾನಾಗಿಯೇ ಬಾಯಿ ಬಿಡುತ್ತಿತ್ತು. ವೇಗವು ಹೆಚ್ಚಿದಂತೆಲ್ಲ ಇಂತಹ ವಾಲ್ವು ಸೋಮಾರಿಯಾಳಿನಂತೆ ತಡವಾಗಿ ಎದ್ದು ತಡವಾಗಿ ಮಲಗುತ್ತಿದ್ದುದರಿಂದ, ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅದನ್ನು ಕೈಬಿಟ್ಟು ಎರಡು ವಾಲ್ವುಗಳನ್ನೂ ಯಂತ್ರದಿಂದಲೇ ತೆರೆಯಿಸುವ ಪದ್ಧತಿ ಬಂದಿತು. ಇದನ್ನು ಮಾಡುವ ಅಂಗವೇ ಕ್ಯಾಮು. ಒಂದು ದಂಡದ ಮೇಲೆ ಮೊಟ್ಟೆಯಾಕಾರದ ಉಬ್ಬು. ದಂಡ ತಿರುಗಿದಂತೆ ಉಬ್ಬು ಬಂದಾಗ ವಾಲ್ವು ತೆರೆಯುತ್ತದೆ, ಉಬ್ಬು ಕಳೆದಾಗ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ಒಂದು ಆವರ್ತಕ್ಕೆ ನಾಲ್ಕು ಹೊಡೆತಗಳು, ಎಂದರೆ ಕ್ರ್ಯಾಂಕಿನ ಎರಡು ಸುತ್ತು. ಅಷ್ಟರಲ್ಲಿ ಪ್ರತಿಯೊಂದು ವಾಲ್ವೂ ಒಮ್ಮೆ ಮಾತ್ರ ತೆರೆಯಬೇಕಾದುದರಿಂದ ಕ್ಯಾಮಿನ ದಂಡವು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವಂತೆ ಹಲ್ಲುಚಕ್ರಗಳಿಂದಲೋ ಚೈನಿನಿಂದಲೋ ಬೆಲ್ಟಿನಿಂದಲೋ ಜೋಡಿಸಿರುತ್ತಾರೆ.

ನಮ್ಮವರಿಗೆ ಚಿರಪರಿಚಿತವಾದ ಬುಲೆಟ್ ಮೋಟಾರು ಸೈಕಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮದರಾಸಿನಲ್ಲಿ 1955ರಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾ ಕಂಪನಿಯವರು ಅನೇಕ ದಶಕಗಳ ಕಾಲ ಹೆಚ್ಚು ಬದಲಾವಣೆಯಿಲ್ಲದೆ ತಯಾರಿಸಿದ ಆ ಹಳೆಯ ಎಂಜಿನ್ನಿನ ಸಿಲಿಂಡರಿನ ವ್ಯಾಸವು 70 ಮಿಲಿಮೀಟರು, ಪಿಸ್ಟನ್ನಿನ ನಡೆ 90 ಮಿಲಿಮೀಟರು. ಒಟ್ಟು ಹಿಡಿತ 346 ಘನ ಸೆಂಟಿಮೀಟರು. ಇದರ ಎರಡು ಕ್ಯಾಮುಗಳೂ ಕೆಳಗೆ ಎಂಜಿನ್ನಿನ ಬಲಪಕ್ಕದಲ್ಲಿವೆ. ಕ್ಯಾಮು ಟ್ಯಾಪೆಟನ್ನು ಎತ್ತುತ್ತದೆ. ಟ್ಯಾಪೆಟು ಪುಶ್‌ರಾಡೆಂಬ ಉದ್ದನೆಯ ಕಡ್ಡಿಯನ್ನು ನೂಕುತ್ತದೆ. ಕಡ್ಡಿಯು ಮೇಲಿರುವ ರಾಕರಿನ ಒಂದು ತುದಿಯನ್ನು ಎತ್ತಿದಾಗ, ಏತದ ಮರದಂತೆ ಅದರ ಇನ್ನೊಂದು ತುದಿ ಕೆಳಕ್ಕೆ ಬಾಗಿ ವಾಲ್ವಿನ ಕಾಂಡವನ್ನು ಅದುಮುತ್ತದೆ. ಇಷ್ಟು ಮಂದಿ ಕೈಗೆ ಕೈ ಸೇರಿಸಿದ ಮೇಲೆ ಬಾಗಿಲು ತೆರೆಯುತ್ತದೆ. ಮಿನಿಟಿಗೆ 3,000 ಸುತ್ತು ತಿರುಗುವಾಗ ಒಂದೊಂದು ವಾಲ್ವು ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು. ಉಸಿರೆಳೆಯಲು ಪಿಸ್ಟನ್ನಿಗೆ ದೊರೆಯುವ ಕಾಲವು ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ. ನಾವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಹತ್ತು ಸಲಕ್ಕೂ ಹೆಚ್ಚಾಗಿ ಏರಿಳಿದಿರುತ್ತದೆ. ಪ್ರತಿ ಉಸಿರಿಗೂ ಸಿಲಿಂಡರು ಪೂರ್ತಿ ತುಂಬುವುದಾದರೆ ಮಿನಿಟೊಂದಕ್ಕೆ 519 ಲೀಟರು ಗಾಳಿ ಆ ಸಣ್ಣ ಕಿಂಡಿಯಲ್ಲಿ ನುಗ್ಗಬೇಕು. ಪೂರ್ತಿ ತುಂಬುವುದಿಲ್ಲವೆಂಬುದೇ ಎಲ್ಲ ತೊಡಕಿಗೂ ಮೂಲ.

ಪಿಸ್ಟನ್ನು ತುತ್ತತುದಿಯಲ್ಲಿದ್ದಾಗ ಗಾಳಿಯ ವಾಲ್ವು ತೆರೆದು, ತಳವನ್ನು ಮುಟ್ಟಿದಾಗ ಮುಚ್ಚಿದರೆ ಸಾಕೆಂದು ತೋರುವುದು ಸಹಜ. ಕಾಗದದ ಮೇಲೆ ಇದು ಸರಿ. ಆದರೆ ಗಾಳಿಗೂ ತೂಕವಿದೆ. ತೂಕವಿದ್ದ ಮೇಲೆ ಜಡತ್ವವೂ ಇದೆ. ನಿಂತ ತೇರನ್ನು ಕದಲಿಸಲು ಊರೆಲ್ಲ ಸೇರಿ ಹಗ್ಗ ಜಗ್ಗಬೇಕು. ಕದಲಿದ ಮೇಲೆ ಹಗ್ಗ ಬಿಟ್ಟರೂ ಅದು ನಾಲ್ಕು ಮಾರು ಮುಂದೆ ಹೋಗಿಯೇ ತೀರುವುದರಿಂದ ಗಾಲಿಗೆ ಮರದ ತುಂಡು ಕೊಟ್ಟು ನಿಲ್ಲಿಸಬೇಕು. ಕೊಳವೆಯೊಳಗಿನ ಗಾಳಿಯೂ ಹೀಗೆಯೇ. ಪಿಸ್ಟನ್ನು ತಳವನ್ನು ಮುಟ್ಟಿ ಮೇಲಕ್ಕೆ ಹೊರಟರೂ, ಓಡಿಬರುತ್ತಿರುವ ಗಾಳಿಯು ತನ್ನ ರಭಸದಿಂದಲೇ ಇನ್ನೂ ಸ್ವಲ್ಪ ಹೊತ್ತು ಒಳಕ್ಕೆ ತುಂಬುತ್ತಿರುತ್ತದೆ. ಆ ಲಾಭವನ್ನು ಬಿಡಬಾರದೆಂದು, ಗಾಳಿಯ ವಾಲ್ವನ್ನು ಪಿಸ್ಟನ್ನು ತಳವನ್ನು ದಾಟಿದ ಮೇಲೆ ಕ್ರ್ಯಾಂಕು 40ರಿಂದ 70 ಡಿಗ್ರಿಯಷ್ಟು ತಿರುಗುವ ತನಕ ತೆರೆದೇ ಇಡುವುದು ರೂಢಿ. ಬಾಗಿಲು ಪೂರ್ತಿ ತೆರೆಯಲೂ ಕಾಲ ಹಿಡಿಯುವುದರಿಂದ ತುದಿಯನ್ನು ಮುಟ್ಟುವುದಕ್ಕೆ ಮುಂಚಿತವಾಗಿಯೇ ಅದನ್ನು ತೆರೆಯತೊಡಗುವರು.

ಹೊಗೆಯ ವಾಲ್ವಿನ ವಿಷಯದಲ್ಲಿಯೂ ಇಂತಹುದೇ ಲೆಕ್ಕ. ಉರಿದ ಅನಿಲವು ಪಿಸ್ಟನ್ನನ್ನು ನೂಕುತ್ತ ಬಂದು, ತಳದ ಸಮೀಪಕ್ಕೆ ಬರುವ ವೇಳೆಗೆ ತನ್ನ ಬಲವನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಉಳಿದ ಒತ್ತಡವನ್ನು ದುಡಿಮೆಗೆ ಬಳಸಹೋಗುವುದಕ್ಕಿಂತ, ಆಗಲೇ ಬಾಗಿಲು ತೆರೆದು ಹೊಗೆಯು ತಾನಾಗಿಯೇ ಹೊರಬೀಳುವಂತೆ ಮಾಡಿದರೆ ಪಿಸ್ಟನ್ನಿಗೆ ಅದನ್ನು ಹೊರದಬ್ಬುವ ಶ್ರಮ ಉಳಿಯುತ್ತದೆ. ಈ ವಾಲ್ವು ಮುಚ್ಚುವುದೂ ತುದಿಯನ್ನು ದಾಟಿದ ಮೇಲೆಯೇ. ಹೀಗಾಗಿ ಸ್ವಲ್ಪ ಹೊತ್ತು ಎರಡು ವಾಲ್ವುಗಳೂ ಒಟ್ಟಿಗೆ ತೆರೆದಿರುತ್ತವೆ. ಹೊರಹೋಗುವ ಹೊಗೆಯ ಸೆಳೆತಕ್ಕೆ ಹೊಸ ಗಾಳಿಯು ಹಿಂಬಾಲಿಸಿ ಒಳಬರುತ್ತದೆ. ಹೊಗೆ ಹೋಗುವ ಬಾಗಿಲೂ ಗಾಳಿ ಬರುವ ಬಾಗಿಲೂ ಒಟ್ಟಿಗೆ ತೆರೆದಿರುವುದರಿಂದ ಮನೆಯೊಳಗೆ ಗಾಳಿಯಾಡುವುದನ್ನು ಗೃಹಿಣಿಯರು ನಮಗಿಂತ ಚೆನ್ನಾಗಿ ಬಲ್ಲರು.

ಆದರೆ ಈ ಲೆಕ್ಕವೆಲ್ಲ ವೇಗವನ್ನು ಅವಲಂಬಿಸಿದೆ. ವೇಗವಾಗಿ ಓಡುವ ಗಾಳಿಗೆ ರಭಸ ಹೆಚ್ಚು. ಆಗ ವಾಲ್ವು ತಡವಾಗಿ ಮುಚ್ಚುವುದು ಲಾಭ. ನಿಧಾನವಾಗಿ ನಡೆಯುವಾಗ ರಭಸವೇ ಇಲ್ಲ. ಆಗ ತಡವಾಗಿ ಮುಚ್ಚಿದರೆ ಒಳಬಂದ ಗಾಳಿಯನ್ನು ಪಿಸ್ಟನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ದಬ್ಬುತ್ತದೆ, ಎರಡೂ ಬಾಗಿಲು ತೆರೆದಿರುವಾಗ ಹೊಗೆಯು ತಿರುಗಿ ಒಳಕ್ಕೆ ನುಗ್ಗುತ್ತದೆ. ಪಂದ್ಯದ ಗಾಡಿಗಳು ನಿಂತಲ್ಲಿ ಕುಂಟುತ್ತ ಕೆಮ್ಮುತ್ತ ಇದ್ದು, ಓಡತೊಡಗಿದೊಡನೆ ಗರ್ಜಿಸುವುದಕ್ಕೆ ಇದೇ ಕಾರಣ. ಇದಕ್ಕೆ ತದ್ವಿರುದ್ಧವಾಗಿ, ಹಿಂದೆ ನಮ್ಮ ಹಿಟ್ಟಿನ ಗಿರಣಿಗಳಲ್ಲಿಯೂ ಬಾವಿಗಳ ಮೇಲೂ ಟೊಕ್ ಟೊಕ್ ಎಂದು ಮೊಳಗುತ್ತಿದ್ದ ಲಿಸ್ಟರ್ ಮಾದರಿಯ ಎಂಜಿನ್ನು ಮಿನಿಟಿಗೆ 650 ಸುತ್ತು ಮಾತ್ರ ತಿರುಗುತ್ತಿತ್ತು. ಅದಕ್ಕೆ ಅವಸರದ ಉಸಿರಾಟ ಬೇಕಾಗಿರಲಿಲ್ಲ. ಒಂದೇ ಕ್ಯಾಮು ಎಲ್ಲ ವೇಗಗಳಿಗೂ ಸರಿಹೊಂದಲಾರದು. ತಯಾರಕರು ಕೊಟ್ಟಿರುವ ಕ್ಯಾಮು ಒಂದು ರಾಜಿ. ಬಸ್‌ ಸ್ಟಾಂಡಿನ ಗದ್ದಲದಲ್ಲಿಯೂ, ಹೆದ್ದಾರಿಯಲ್ಲಿಯೂ, ಘಾಟಿಯಲ್ಲಿಯೂ ತಕ್ಕಮಟ್ಟಿಗೆ ನಡೆಯಲೆಂದು ಎಲ್ಲವನ್ನೂ ತೂಗಿನೋಡಿ ಮಾಡಿದ ರಾಜಿ.

ಈ ರಾಜಿಯನ್ನು ಮುರಿದು ಒಂದು ಕಡೆಗೆ ವಾಲಿಸುವುದೇ ಕ್ಯಾಮಿನ ವೇಳೆಯನ್ನು ಬದಲಾಯಿಸುವ ವಿದ್ಯೆ. ಕ್ಯಾಮಿನ ದಂಡವನ್ನು ಇದ್ದ ಸ್ಥಾನದಿಂದ ನಾಲ್ಕಾರು ಡಿಗ್ರಿ ಮುಂದಕ್ಕೆ ಸರಿಸಿದರೆ ಗಾಳಿಯ ವಾಲ್ವು ಬೇಗ ಮುಚ್ಚಿ, ನಿಧಾನವೇಗದ ಎಳೆತವು ಹೆಚ್ಚುತ್ತದೆ. ಹಿಂದಕ್ಕೆ ಸರಿಸಿದರೆ ಎಳೆತ ಕುಗ್ಗಿ, ಮೇಲಿನ ವೇಗದಲ್ಲಿ ಬಲ ಹೆಚ್ಚುತ್ತದೆ. ಇದನ್ನು ಹಲ್ಲುಚಕ್ರದ ಹಲ್ಲು ಬದಲಿಸಿ ಮಾಡುವುದು ಅಸಾಧ್ಯ. ಕ್ಯಾಮಿನ ಚಕ್ರಕ್ಕೆ 40 ಹಲ್ಲುಗಳಿವೆಯೆಂದು ಇಟ್ಟುಕೊಳ್ಳೋಣ. ಒಂದು ಹಲ್ಲು ತಪ್ಪಿದರೆ ಕ್ಯಾಮಿನಲ್ಲಿ 9 ಡಿಗ್ರಿ, ಕ್ರ್ಯಾಂಕಿನಲ್ಲಿ 18 ಡಿಗ್ರಿ ವ್ಯತ್ಯಾಸ! ಅಷ್ಟು ತಪ್ಪಿದ ಎಂಜಿನ್ನು ಸ್ಟಾರ್ಟ್ ಆಗಲು ಹಟ ಮಾಡುವುದು, ಆದರೂ ಬಲವಿಲ್ಲದೆ ಬಿಸಿಯೇರುವುದು. ಬಿಚ್ಚಿದ ಚಕ್ರಗಳನ್ನು ಮತ್ತೆ ಜೋಡಿಸುವಾಗ ತಯಾರಕರು ಕೆತ್ತಿರುವ ಚುಕ್ಕೆಗಳೂ ಗೆರೆಗಳೂ ಒಂದಕ್ಕೊಂದು ಎದುರಾಗಿ ಕೂತಿವೆಯೆ ಎಂದು ಎರಡು ಸಲ ನೋಡಬೇಕೆನ್ನುವುದು ಇದಕ್ಕಾಗಿಯೇ. ಸೂಕ್ಷ್ಮವಾದ ಹೊಂದಾಣಿಕೆಗೆ, ಬೋಲ್ಟಿನ ರಂಧ್ರಗಳು ಉದ್ದನಾಗಿರುವ ವಿಶೇಷ ಚಕ್ರಗಳು ದೊರೆಯುತ್ತವೆ.

ಪಳಗಿದ ಕೆಲಸಗಾರನು ಇದನ್ನು ಮಾಡುವ ಕ್ರಮವು ನೋಡಲು ಸೊಗಸಾಗಿರುತ್ತದೆ. ಅವನು ಕ್ರ್ಯಾಂಕಿನ ತುದಿಗೆ 360 ಡಿಗ್ರಿ ಗುರುತು ಮಾಡಿದ ತಟ್ಟೆಯನ್ನು ಬಿಗಿಯುತ್ತಾನೆ. ಪಿಸ್ಟನ್ನಿನ ನಿಜವಾದ ತುದಿಯನ್ನು ಕಣ್ಣಂದಾಜಿನಿಂದ ಹಿಡಿಯಲು ಸಾಧ್ಯವಿಲ್ಲ. ತುದಿಯ ಬಳಿ ಕ್ರ್ಯಾಂಕು ಹಲವು ಡಿಗ್ರಿ ತಿರುಗಿದರೂ ಪಿಸ್ಟನ್ನು ಕದಲಿದಂತೆಯೇ ಕಾಣುವುದಿಲ್ಲ. ಅದಕ್ಕಾಗಿ ಸ್ಪಾರ್ಕ್ ಪ್ಲಗ್ಗಿನ ರಂಧ್ರದಲ್ಲಿ ಒಂದು ತಡೆಯನ್ನು ಸಿಕ್ಕಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಕಡೆಗೆ ಮೆಲ್ಲನೆ ತಿರುಗಿಸಿ ಪಿಸ್ಟನ್ನು ತಡೆಯನ್ನು ಮುಟ್ಟಿದಲ್ಲಿ ಒಂದು ಗುರುತು, ಇನ್ನೊಂದು ಕಡೆಗೆ ತಿರುಗಿಸಿ ಮುಟ್ಟಿದಲ್ಲಿ ಇನ್ನೊಂದು ಗುರುತು ಹಾಕುತ್ತಾನೆ. ಎರಡರ ನಟ್ಟನಡುವೆ ಇರುವುದೇ ನಿಜವಾದ ತುದಿ. ಆಮೇಲೆ ವಾಲ್ವಿನ ಮೇಲೆ ಡಯಲ್ ಗೇಜನ್ನು ಇಟ್ಟು, ಅದು ಯಾವ ಡಿಗ್ರಿಯಲ್ಲಿ ಏಳತೊಡಗಿತು, ಯಾವ ಡಿಗ್ರಿಯಲ್ಲಿ ಮಲಗಿತು ಎಂಬುದನ್ನು ಬರೆದುಕೊಳ್ಳುತ್ತಾನೆ. ಇಷ್ಟು ಉಪಕರಣಗಳಿಲ್ಲದೆ "ಟೈಮಿಂಗು ಬದಲಾಯಿಸಿಕೊಡುತ್ತೇನೆ" ಎನ್ನುವವನಿಂದ ದೂರವಿರುವುದು ಲೇಸು.

ಮನೆಯಲ್ಲಿ ಹರೆಯದ ಹುಡುಗರಿದ್ದರೆ, ಹೆಚ್ಚು ಎತ್ತುವ ಪಂದ್ಯದ ಕ್ಯಾಮನ್ನು ಹಾಕಿಸಬೇಕೆಂಬ ಹಂಬಲವು ಒಂದಲ್ಲ ಒಂದು ದಿನ ತಲೆಯೆತ್ತುವುದು. ಈ ಉತ್ಸಾಹವನ್ನು ನಾವು ಹಳಿಯುವುದಿಲ್ಲ. ಫ್ರಾನ್ಸಿನ ಪೂಜೊ ಕಂಪನಿಯವರು 1912ರಲ್ಲಿ ಒಂದೊಂದು ಸಿಲಿಂಡರಿಗೆ ನಾಲ್ಕು ವಾಲ್ವುಗಳನ್ನೂ ತಲೆಯ ಮೇಲೆಯೇ ಎರಡು ಕ್ಯಾಮ್ ದಂಡಗಳನ್ನೂ ಇಟ್ಟು ಫ್ರೆಂಚ್ ಗ್ರಾಂಡ್ ಪ್ರಿ ಪಂದ್ಯವನ್ನು ಗೆದ್ದದ್ದು ಇಂತಹ ಹಂಬಲದಿಂದಲೇ. ಅಂದಿನ ಆ ಸಾಹಸವು ಇಂದು ಸಾಮಾನ್ಯ ಸಂಸಾರಸ್ಥರ ಕಾರುಗಳಲ್ಲಿಯೂ ಕಾಣಿಸುತ್ತದೆ. ಆದರೆ ಕ್ಯಾಮೊಂದನ್ನೇ ಬದಲಿಸಿ ಸುಮ್ಮನಿರುವಂತಿಲ್ಲವೆಂಬುದನ್ನು ಹುಡುಗರು ತಿಳಿಯಬೇಕು. ವೇಗ ಹೆಚ್ಚಿದಾಗ ಹಳೆಯ ಸ್ಪ್ರಿಂಗು ವಾಲ್ವನ್ನು ಸಕಾಲಕ್ಕೆ ಮುಚ್ಚಲಾರದೆ ಹೋಗುತ್ತದೆ. ವಾಲ್ವು ಕ್ಯಾಮಿನ ಹಿಡಿತ ತಪ್ಪಿ ತೇಲುತ್ತದೆ. ಗಟ್ಟಿಯಾದ ಸ್ಪ್ರಿಂಗು ಹಾಕಿದರೆ ಕ್ಯಾಮೂ ಟ್ಯಾಪೆಟೂ ಬೇಗ ಸವೆಯುತ್ತವೆ. ವಾಲ್ವು ಹೆಚ್ಚು ಕೆಳಗಿಳಿದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿ ಕಲ್ಲಾಗಿ ನಿಲ್ಲಬಹುದು. ಎಲ್ಲಕ್ಕಿಂತ ಭಯಂಕರವಾದುದು, ತೆರೆದ ವಾಲ್ವಿಗೂ ಮೇಲೇರುವ ಪಿಸ್ಟನ್ನಿಗೂ ಡಿಕ್ಕಿ. ಇದನ್ನು ಪರೀಕ್ಷಿಸಲು ಪಿಸ್ಟನ್ನಿನ ತಲೆಗೆ ಮಕ್ಕಳಾಟದ ಮೆತುಜೇಡಿಯನ್ನು ಅಂಟಿಸಿ, ಎಲ್ಲವನ್ನೂ ಜೋಡಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ, ವಾಲ್ವು ಒತ್ತಿದ ಕಡೆ ಜೇಡಿಯನ್ನು ಕತ್ತರಿಸಿ ದಪ್ಪವನ್ನು ಅಳೆಯುವರು. ಅದು ಎರಡು ಮಿಲಿಮೀಟರಿಗಿಂತ ಕಡಮೆಯಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸತಕ್ಕದ್ದು. ಇದಲ್ಲದೆ, 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸಿದೆಯೆಂಬುದೂ ಮನೆಯ ಹಿರಿಯರ ಗಮನದಲ್ಲಿರಲಿ.

ಗೃಹಸ್ಥರಿಗೆ ಇದಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಅದು ವಾಲ್ವಿನ ಕಾಂಡಕ್ಕೂ ಅದನ್ನು ಅದುಮುವ ರಾಕರಿಗೂ ನಡುವೆ ಬಿಡುವ ಅಲ್ಪ ಸಂದು. ನಮ್ಮ ಮೆಕ್ಯಾನಿಕರು ಟ್ಯಾಪೆಟ್ ಸೆಟ್ಟಿಂಗ್ ಎನ್ನುವುದು ಇದನ್ನೇ. ಉಕ್ಕಿನ 100 ಮಿಲಿಮೀಟರು ಉದ್ದದ ಸಲಾಕೆಯು 100 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 0.12 ಮಿಲಿಮೀಟರು ಬೆಳೆಯುತ್ತದೆ. ಹೊಗೆಯ ವಾಲ್ವಿನ ತಲೆಯಾದರೋ ಕೆಂಪಗೆ ಕಾಯುವಷ್ಟು ಬಿಸಿಯಾಗುವುದು; ಕಾಂಡವೂ ಅದಕ್ಕೆ ತಕ್ಕಂತೆ ಉದ್ದವಾಗುವುದು. ಬೆಳೆಯಲು ಜಾಗವಿಲ್ಲದಿದ್ದರೆ ವಾಲ್ವು ರಾಕರಿಗೆ ಆತುಕೊಂಡು ಪೀಠದಿಂದ ಮೇಲೆದ್ದೇ ಇರುತ್ತದೆ. ವಾಲ್ವಿಗೆ ತನ್ನ ಕಾವನ್ನು ಇಳಿಸಿಕೊಳ್ಳುವ ಮುಖ್ಯ ದಾರಿಯೆಂದರೆ ಪೀಠದ ಮೇಲೆ ಒತ್ತಿ ಕೂತಿರುವ ಹೊತ್ತು. ಆ ವಿಶ್ರಾಂತಿ ತಪ್ಪಿತೆಂದರೆ, ಸಂದಿನಲ್ಲಿ ಉರಿಯು ನುಗ್ಗಿ, ಅದರ ಅಂಚು ಇಲಿ ಕಡಿದ ರೊಟ್ಟಿಯಂತೆ ಸುಟ್ಟುಹೋಗುತ್ತದೆ. ಸಂದು ಹೆಚ್ಚಾದರೆ ಆಗುವ ಕೇಡು ಇಷ್ಟು ಘೋರವಲ್ಲ: ವಾಲ್ವು ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಎತ್ತರವೂ ಕಡಮೆಯಾಗಿ ಬಲ ಸ್ವಲ್ಪ ಕುಗ್ಗುತ್ತದೆ, ಟಕಟಕ ಸದ್ದು ಹೆಚ್ಚುತ್ತದೆ, ಭಾಗಗಳು ಬಡಿದು ಸವೆಯುತ್ತವೆ.

ಹೊಗೆಯ ವಾಲ್ವನ್ನು ತಂಪಾಗಿಡಲು ತಜ್ಞರು ಪಟ್ಟ ಪಾಡು ಅಷ್ಟಿಷ್ಟಲ್ಲ. ವಿಮಾನದ ಎಂಜಿನ್ನುಗಳಿಗಾಗಿ 1920ರ ದಶಕದಲ್ಲಿ ಸ್ಯಾಮ್ ಹೆರನ್ ಎಂಬ ಎಂಜಿನಿಯರು ಟೊಳ್ಳಾದ ಕಾಂಡದೊಳಗೆ ಸೋಡಿಯಂ ಲೋಹವನ್ನು ತುಂಬುವ ಕ್ರಮವನ್ನು ಬಳಕೆಗೆ ತಂದನು. ಸೋಡಿಯಂ 98 ಡಿಗ್ರಿಯಲ್ಲಿಯೇ ಕರಗಿ, ಕಾಂಡದೊಳಗೆ ಮೇಲಕ್ಕೂ ಕೆಳಕ್ಕೂ ಕುಲುಕಾಡುತ್ತ ತಲೆಯ ಕಾವನ್ನು ಕಾಂಡಕ್ಕೆ ಹೊತ್ತು ತರುತ್ತದೆ. ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳನ್ನೂ ಅವುಗಳ ಎಂಜಿನ್ನುಗಳನ್ನೂ ದುರಸ್ತಿ ಮಾಡುತ್ತಿದ್ದರು. ಆ ಬಗೆಯ ದೊಡ್ಡ ಎಂಜಿನ್ನುಗಳಲ್ಲಿ ಇಂತಹ ವಾಲ್ವುಗಳೇ ಇರುತ್ತಿದ್ದುವು. ಗುಜರಿಯಲ್ಲಿ ಅಂತಹುದೊಂದು ದೊರೆತರೆ ಗರಗಸದಿಂದ ಕೊಯ್ಯಹೋಗಬಾರದು. ಸೋಡಿಯಂ ನೀರು ಸೋಕಿದೊಡನೆ ಹೊತ್ತಿಕೊಳ್ಳುವ ವಸ್ತು.

ಬಿಗಿಯಾದ ಟ್ಯಾಪೆಟಿನಿಂದ ಸಂಸಾರವೊಂದಕ್ಕೆ ಏನಾಗಬಹುದೆಂಬುದಕ್ಕೆ ನಾವು ಬಲ್ಲ ಒಂದು ಪ್ರಸಂಗವನ್ನು ಹೇಳುತ್ತೇವೆ. ಹೆಬ್ರಿಯ ಕಡೆಯ ನಮ್ಮ ಬಂಧುಗಳೊಬ್ಬರಲ್ಲಿ ಹಳೆಯ ಬುಲೆಟ್ ಇತ್ತು. ಅದರ ಟಕಟಕ ಸದ್ದು ಕಿವಿಗೆ ಹಿತವಲ್ಲವೆಂದು ಅವರು ದಾರಿಬದಿಯ ಒಬ್ಬನಿಗೆ ತೋರಿಸಲು, ಅವನು ಐದೇ ಮಿನಿಟಿನಲ್ಲಿ, ಎಂಜಿನ್ನು ಬಿಸಿಯಿರುವಾಗಲೇ ಟ್ಯಾಪೆಟನ್ನು ಬಿಗಿಮಾಡಿ ಸದ್ದಡಗಿಸಿಕೊಟ್ಟನು. ಮನೆಯವರೆಲ್ಲರಿಗೂ ಸಂತೋಷವಾಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಗಾಡಿಯು ಏರಿನಲ್ಲಿ ಸೋಲತೊಡಗಿತು; ಸೈಲೆನ್ಸರಿನಲ್ಲಿ ಆಗಾಗ ಪಟ್ಟೆಂದು ಸಿಡಿಯಿತು; ಕಿಕ್ ಹೊಡೆದರೆ ಕಾಲಿಗೆ ಒತ್ತೇ ಸಿಗದಾಯಿತು. ಪೆಟ್ರೋಲು ಕಲಬೆರಕೆಯಿರಬೇಕೆಂದು ಅವರು ಸುಮ್ಮನಿದ್ದರು. ಮುಂಗಾರಿನ ಒಂದು ಬೆಳಗ್ಗೆ ಮಗಳನ್ನು ಶಿವಮೊಗ್ಗದ ಪರೀಕ್ಷೆಗೆ ಕರೆದುಕೊಂಡು ಆಗುಂಬೆ ಘಾಟಿಯನ್ನು ಹತ್ತುತ್ತಿರುವಾಗ, ಹದಿನಾಲ್ಕು ತಿರುವುಗಳಲ್ಲಿ ಅರ್ಧವನ್ನೂ ಮುಗಿಸದೆ ಎಂಜಿನ್ನು ಪೂರ್ತಿಯಾಗಿ ಕೈಕೊಟ್ಟಿತು. ಮಳೆಯಲ್ಲಿ ತೊಯ್ದು ನಿಂತಿದ್ದ ಇಬ್ಬರನ್ನೂ ಲಾರಿಯವನೊಬ್ಬನು ಕನಿಕರದಿಂದ ಹತ್ತಿಸಿಕೊಂಡದ್ದರಿಂದ ಹುಡುಗಿಯು ಗಂಟೆ ಹೊಡೆಯುವ ವೇಳೆಗೆ ಪರೀಕ್ಷೆಯ ಕೊಠಡಿಯನ್ನು ಸೇರಿದಳು. ಒಂದು ವರ್ಷ ಉಳಿಯಿತು.

ಆಮೇಲೆ ಗಾಡಿಯನ್ನು ತೀರ್ಥಹಳ್ಳಿಯ ಒಬ್ಬ ವೃದ್ಧ ಮೇಸ್ತ್ರಿಯ ಬಳಿ ತಲುಪಿಸಿದರು. ಹೆಡ್ಡು ಬಿಚ್ಚಿದಾಗ ಹೊಗೆಯ ವಾಲ್ವಿನ ಅಂಚಿನಲ್ಲಿ ಉಗುರಿನಗಲದ ತುಂಡು ಸುಟ್ಟು ಹಾರಿಹೋಗಿತ್ತು. ಹೊಸ ವಾಲ್ವು ಹಾಕಿ, ಅರೆಯುವ ಲೇಪವನ್ನು ಹಚ್ಚಿ ಪೀಠದ ಮೇಲೆ ಅತ್ತಿಂದಿತ್ತ ತಿರುಗಿಸಿ ತೇಯ್ದು, ಸುತ್ತಲೂ ಒಂದೇ ಸಮನಾದ ಬೂದುಬಣ್ಣದ ಉಂಗುರ ಮೂಡುವ ತನಕ ಆತನು ಬಿಡಲಿಲ್ಲ.

"ಮೇಸ್ತ್ರಿಗಳೇ, ಮತ್ತೆ ಸದ್ದು ಬರ್ತದಲ್ಲ?" ಎಂದು ನಮ್ಮ ಬಂಧುಗಳು ಕೇಳಿದರು.

"ಟಕ ಟಕ ಅಂದ್ರೆ ಹೆದರಬೇಡಿ ಸ್ವಾಮಿ. ಅದು ನಿಂತುಹೋದ ದಿವ್ಸ ನನ್ನ ಹತ್ರ ತನ್ನಿ," ಎಂದನಂತೆ ಆತ.

ಆಯಿಲ್ ಎಂಜಿನ್ನುಗಳಲ್ಲಿ ಇದೇ ದೋಷವು ಬೇರೆ ರೂಪದಲ್ಲಿ ಕಾಡುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದವರು ಪುಣೆಯಲ್ಲಿ ಆಯಿಲ್ ಎಂಜಿನ್ನಿನ ಕಂಪನಿಯನ್ನು ಸ್ಥಾಪಿಸಿದ್ದು 1946ರಲ್ಲಿ. ಅಂದಿನಿಂದ ನಮ್ಮ ಎಷ್ಟೋ ಹೊಲಗಳ ಫಸಲು ಇಂತಹ ಎಂಜಿನ್ನುಗಳನ್ನೇ ನಂಬಿ ಬೆಳೆದಿದೆ. ಡೀಸೆಲ್ ಎಂಜಿನ್ನಿಗೆ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳಬೇಕು. ವಾಲ್ವು ಸ್ವಲ್ಪ ಸೋರಿದರೂ ಒತ್ತಡ ಏರದು, ಕಾವು ಹುಟ್ಟದು. ಚಳಿಗಾಲದ ನಸುಕಿನಲ್ಲಿ ಹ್ಯಾಂಡಲ್ ತಿರುಗಿಸಿ ತಿರುಗಿಸಿ ತೋಳು ಸೋತರೂ ಎಂಜಿನ್ನು ಮಿಸುಕುವುದಿಲ್ಲ. ತೆನೆ ಹಾಲುಗಟ್ಟುವ ವಾರದಲ್ಲಿ ನೀರು ನಾಲ್ಕು ದಿನ ತಪ್ಪಿತೆಂದರೆ ರೈತನಿಗಾಗುವ ನಷ್ಟವು ಒಂದು ವಾಲ್ವಿನ ಬೆಲೆಯ ಎಷ್ಟೋ ಪಾಲು. ಪಂಪು ಹಾಕುವ ಹಂಗಾಮಿಗೆ ಮುಂಚಿತವಾಗಿಯೇ ಟ್ಯಾಪೆಟನ್ನು ನೋಡಿಸಿಟ್ಟುಕೊಳ್ಳುವವರು ಜಾಣರು.

ಈಚಿನ ಕಾರುಗಳಲ್ಲಿ ಈ ಜಂಜಾಟವು ಬಹಳ ಕಡಮೆಯಾಗಿದೆ. ಎಣ್ಣೆಯ ಒತ್ತಡದಿಂದ ತಾವೇ ಸಂದನ್ನು ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟುಗಳು ಅನೇಕ ಎಂಜಿನ್ನುಗಳಲ್ಲಿವೆ. ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರಾಯಿತು. ಕ್ಯಾಮಿನ ವೇಳೆಯನ್ನು ಓಡುತ್ತಿರುವಾಗಲೇ ಬದಲಿಸುವ ಏರ್ಪಾಡನ್ನು ಮಾರಾಟದ ಕಾರಿನಲ್ಲಿ ಮೊದಲು ತಂದವರು ಇಟಲಿಯ ಆಲ್ಫಾ ರೋಮಿಯೋದವರು, 1980ರಲ್ಲಿ. ಜಪಾನಿನ ಹೋಂಡಾದವರು 1989ರಲ್ಲಿ ಇನ್ನೂ ಮುಂದೆ ಹೋಗಿ, ನಿಧಾನಕ್ಕೊಂದು, ವೇಗಕ್ಕೊಂದು ಎಂದು ಎರಡು ಬಗೆಯ ಉಬ್ಬುಗಳನ್ನು ಒಂದೇ ದಂಡದ ಮೇಲಿಟ್ಟು ಬೇಕಾದಾಗ ಬದಲಾಗುವಂತೆ ಮಾಡಿದರು. ಬುಲೆಟ್ಟೂ ಬದಲಾಗಿದೆ, ಅದರ 2023ರ 349 ಸಿ.ಸಿ. ಎಂಜಿನ್ನಿನಲ್ಲಿ ಕ್ಯಾಮು ತಲೆಯ ಮೇಲೆಯೇ ಇರುವುದರಿಂದ ಉದ್ದನೆಯ ಕಡ್ಡಿಗಳು ಇಲ್ಲವಾಗಿವೆ. ಒಂದು ಎಚ್ಚರಿಕೆ ಮಾತ್ರ: ಕ್ಯಾಮನ್ನು ರಬ್ಬರು ಬೆಲ್ಟಿನಿಂದ ತಿರುಗಿಸುವ ಕಾರುಗಳಲ್ಲಿ, ತಯಾರಕರ ಪುಸ್ತಕದಲ್ಲಿ ಹೇಳಿರುವ ಅವಧಿಗೆ ಸರಿಯಾಗಿ ಬೆಲ್ಟನ್ನು ಬದಲಿಸಲೇಬೇಕು. ಓಡುತ್ತಿರುವಾಗ ಅದು ಹರಿದರೆ ಕೆಲವು ಎಂಜಿನ್ನುಗಳಲ್ಲಿ ತೆರೆದು ನಿಂತ ವಾಲ್ವುಗಳಿಗೆ ಪಿಸ್ಟನ್ನು ಬಡಿದು ಎಲ್ಲವೂ ಸೊಟ್ಟಗಾಗುತ್ತವೆ.

ಹಳೆಯ ಬುಲೆಟ್ ಇರುವ ಮನೆಗಳವರು ಟ್ಯಾಪೆಟನ್ನು ತಾವೇ ನೋಡಿಕೊಳ್ಳಬಹುದು. ರಾತ್ರಿಯೆಲ್ಲ ನಿಂತು ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ಇದು ಮೊದಲನೆಯ ನಿಯಮ. ಸ್ಪಾರ್ಕ್ ಪ್ಲಗ್ಗನ್ನು ತೆಗೆದು, ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿ, ಗಾಳಿಯ ವಾಲ್ವು ತೆರೆದು ಮುಚ್ಚಿದ ಮೇಲೆ ಪಿಸ್ಟನ್ನು ತುದಿಗೆ ಬರುವಂತೆ ನಿಲ್ಲಿಸಬೇಕು. ಆಗ ಎರಡು ವಾಲ್ವುಗಳೂ ಮುಚ್ಚಿರುತ್ತವೆ. ಸಿಲಿಂಡರಿನ ಬುಡದಲ್ಲಿ ಬಲಗಡೆ ಒಂದೇ ನಟ್ಟಿನಿಂದ ಬಿಗಿದ ಸಣ್ಣ ಮುಚ್ಚಳವನ್ನು ತೆಗೆದರೆ ಎರಡು ಪುಶ್‌ರಾಡುಗಳ ಕೆಳತುದಿಗಳು ಕಾಣುತ್ತವೆ. ಈ ಹಳೆಯ ಎಂಜಿನ್ನಿನಲ್ಲಿ ತಣ್ಣಗಿರುವಾಗ ಸಂದು ಇರಲೇಕೂಡದು. ಸಿಲಿಂಡರೇ ಬಿಸಿಯಲ್ಲಿ ಬೆಳೆದು ಬೇಕಾದಷ್ಟು ಸಂದನ್ನು ತಾನೇ ಉಂಟುಮಾಡಿಕೊಳ್ಳುತ್ತದೆ. ರಾಡು ಎರಡು ಬೆರಳುಗಳಲ್ಲಿ ಸರಾಗವಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಅಲುಗಾಡಬಾರದು. ತಿರುಗಲು ತಡೆದರೆ ಬಿಗಿಯಾಯಿತೆಂದೂ, ಅಲುಗಾಡಿದರೆ ಸಡಿಲವಾಯಿತೆಂದೂ ತಿಳಿಯತಕ್ಕದ್ದು. ಬೇರೆ ಎಂಜಿನ್ನುಗಳಲ್ಲಿ ತಯಾರಕರು ಹೇಳಿದ ದಪ್ಪದ ಫೀಲರ್ ಗೇಜಿನ ಹಾಳೆಯನ್ನು ಸಂದಿನಲ್ಲಿ ತೂರಿಸಿ ನೋಡಬೇಕು. ಅದು ಸಾಮಾನ್ಯವಾಗಿ ಒಂದು ಅಂಚೆ ಕಾರ್ಡಿನ ದಪ್ಪದ ಆಸುಪಾಸಿನಲ್ಲಿರುತ್ತದೆ, ಹೊಗೆಯ ವಾಲ್ವಿಗೆ ಹೆಚ್ಚಾಗಿ ತುಸು ದಪ್ಪ. ಹೊಂದಿಸಿದ ಮೇಲೆ ಲಾಕ್ ನಟ್ಟನ್ನು ಬಿಗಿಯುವಾಗ ಸ್ಕ್ರೂ ತಾನೂ ಸ್ವಲ್ಪ ತಿರುಗಿ ಅಳತೆ ಕೆಡುವುದುಂಟು. ಆದುದರಿಂದ ನಟ್ಟು ಬಿಗಿದ ಬಳಿಕ ಇನ್ನೊಮ್ಮೆ ರಾಡನ್ನು ಬೆರಳಲ್ಲಿ ತಿರುಗಿಸಿ ನೋಡಿ, ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ ಮತ್ತೊಮ್ಮೆ ನೋಡಿ, ಆಮೇಲೆ ಮುಚ್ಚಳವನ್ನು ಹಾಕುವುದು. ಮುಚ್ಚಳದ ಕೆಳಗಿನ ಗ್ಯಾಸ್ಕೆಟು ಹರಿದಿದ್ದರೆ ಎಣ್ಣೆ ಸೋರಿ ಬೂಟಿಗೆ ಬೀಳುವುದು. ಹೊಸದೊಂದನ್ನು ಮೊದಲೇ ತಂದಿಟ್ಟುಕೊಂಡಿರಬೇಕು.